ವರ್ಗ: ಇತರೆ

ಅರ್ಜಿಯ ಮೂರನೇ ಪುಟದಲ್ಲೊಂದು ಕಿಂಡಿ,
ಒತ್ತಿದರೆ ಇಳಿಯುತ್ತದೆ ಉದ್ದನೆ ಪಟ್ಟಿ:
ಕಾಫಿಪುಡಿ, ಜೇನು, ಸಾಂಬಾರ ಪದಾರ್ಥ,
ಪೂಜಾ ಸಾಮಗ್ರಿ, ಬೆಕ್ಕುನಾಯಿಗಳ ಆಹಾರ.
ನಾನು ಮಾರುವುದಕ್ಕೆ ಅಲ್ಲಿ ಹೆಸರಿಲ್ಲ.
ತೀರಾ ಕೆಳಗೆ, ಇತರೆ.
ಅದನ್ನೇ ಒತ್ತಿದೆ.
ಇತರೆ ಎಂದವರಿಗೆ ಒಂದು ಖಾಲಿ ಚೌಕ:
ದಯವಿಟ್ಟು ವಿವರಿಸಿ.

ವಿವರಿಸಬೇಕೆಂದರೆ,
ಹನ್ನೊಂದು ವರ್ಷ ವಿರಾಜಪೇಟೆಯಲ್ಲಿ
ಮೆಡಿಕಲ್ ಷಾಪಿನ ಕೌಂಟರಿನ ಹಿಂದೆ ನಿಂತವಳು,
ಲವೀನಾ ಪಿಂಟೊ.
ಬೇರೆ ಗಿರಾಕಿ ಹೋಗಲೆಂದು
ಕೆಮ್ಮಿನ ಸಿರಪ್ಪಿನ ಬೆಲೆ ಮೂರು ಸಲ ಕೇಳಿದವರನ್ನು ಬಲ್ಲೆ.
ಬಾಯಿಗೆ ಬಾರದ್ದನ್ನು ಚೀಟಿಯಲ್ಲಿ ಬರೆದು
ನೋಟಿನೊಳಗೆ ಮಡಿಸಿ ಕೊಟ್ಟವರನ್ನು ಬಲ್ಲೆ.
ಹೆರಿಗೆಯಾದ ಮೇಲೆ, ಮುಟ್ಟು ನಿಂತ ಮೇಲೆ,
ಗಂಡ ಸತ್ತ ಮೇಲೆ,
ಗಂಡ ಇದ್ದೂ.

ಇದನ್ನೆಲ್ಲ ಬರೆಯಲಿಲ್ಲ.
ಇನ್ನೂರೈವತ್ತು ಅಕ್ಷರಕ್ಕೆ ಚೌಕ ತುಂಬುತ್ತದೆ.

ನಾಲ್ಕನೇ ದಿನ ಉತ್ತರ:
ತಮ್ಮ ವ್ಯವಹಾರ ನಮ್ಮ ನೀತಿಗೆ ಹೊಂದುವುದಿಲ್ಲ.
ಎರಡನೆಯವರು ಪ್ಯಾನ್, ಆಧಾರ್, ಬಾಡಿಗೆ ಕರಾರು,
ಅಂಗಡಿಯ ಬೋರ್ಡಿನ ಫೋಟೊ ಕೇಳಿದರು.
ಗೋಣಿಕೊಪ್ಪಲಿನಲ್ಲಿ ನನಗೆಲ್ಲಿಯ ಬೋರ್ಡು?
ಕೆಳಗೆ ಟೈರಿನಂಗಡಿ. ಮೇಲೆ ನಾನು,
ಕಂದು ಪೆಟ್ಟಿಗೆ, ಅಂಟುಪಟ್ಟಿ, ಒಂದು ತಕ್ಕಡಿ.
ಟೈರಿನ ಬೋರ್ಡನ್ನೇ ಕಳಿಸಿಬಿಡಲೇ
ಅಂತ ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ.
ಮೂರನೆಯವರು ಬಾಗಿಲು ತೆರೆದರು.
ಹದಿಮೂರು ದಿನ ದುಡ್ಡು ಬಂತು,
ಹದಿನಾಲ್ಕಕ್ಕೆ ಮುಚ್ಚಿತು.
ಒಳಗೇ ಉಳಿಯಿತು ನಲವತ್ತೊಂದು ಸಾವಿರದ ಆರುನೂರು,
ನೂರೆಂಬತ್ತು ದಿನದ ಮಟ್ಟಿಗೆ.
ಬಡ್ಡಿ ಯಾರಿಗೆ ಅಂದೆ.
ಒಂದು ಟಿಕೆಟ್ ನಂಬರು ಕೊಟ್ಟರು.

ಬ್ಯಾಂಕಿನ ಮ್ಯಾನೇಜರು ಒಳ್ಳೆಯ ಮನುಷ್ಯ.
ನನ್ನ ಕ್ಯಾಟಲಾಗನ್ನು ಫೈಲಿನಡಿಗೆ ಸರಿಸಿ
ಗಿಫ್ಟ್ ಐಟಂ ಅಂತ ಹಾಕಿಬಿಡಿ ಮೇಡಂ, ಅಂದರು,
ದನಿ ತಗ್ಗಿಸಿ.
ಅದೇ ದನಿ, ಕೆಮ್ಮಿನ ಸಿರಪ್ಪಿನವರದ್ದು.
ಅವರ ಬೆನ್ನಹಿಂದಿನ ಕ್ಯಾಲೆಂಡರಿನಲ್ಲಿ ಕೈಲ್ ಮುಹೂರ್ತ:
ಸಾಲಾಗಿ ಒರಗಿದ ಕೋವಿಗಳು,
ನಳಿಗೆಯಲ್ಲಿ ಕೆಂಪು ಹಳದಿ ತೋಕ್ ಪೂ.
ಒಂದು ಮಾತು ನಾಲಗೆಯ ತುದಿಗೆ ಬಂತು.
ಸಾಲ ಕೇಳುವ ಜಾಗ, ನುಂಗಿಕೊಂಡೆ.
ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದೆ:
ತನಗೆ ತಾನೇ ಕೊಟ್ಟುಕೊಂಡದ್ದಕ್ಕೆ
ಗಿಫ್ಟ್ ಎಂಬ ಹೆಸರು ಸಲ್ಲುತ್ತದೆಯೆ?

ಇತ್ತ ಆರ್ಡರುಗಳು ಬರುತ್ತಲೇ ಇದ್ದವು.
ನಾಪೋಕ್ಲು, ಪಾವತಿ ವಿಫಲ.
ಸಿದ್ದಾಪುರ, ಪಾವತಿ ವಿಫಲ.
ಪೊನ್ನಂಪೇಟೆಯಿಂದ ಒಬ್ಬರೇ,
ಒಂದೇ ರಾತ್ರಿ, ಏಳು ಸಲ.

ಬೆಳಿಗ್ಗೆ ಅವರದೇ ಫೋನು. ನಿವೃತ್ತ ಹಿಂದಿ ಮೇಡಂ,
ಕಾಗುಣಿತ ತಿದ್ದಿದ ಗಂಟಲು.
ನನ್ನ ಕಾರ್ಡಿನಲ್ಲಿ ಏನಾದರೂ ತಪ್ಪಿದೆಯಾ?
ಇಲ್ಲ ಮೇಡಂ, ನಿಮ್ಮ ಕಡೆ ಏನೂ ತಪ್ಪಿಲ್ಲ.
ಆ ತುದಿಯಲ್ಲಿ ತುಸು ಹೊತ್ತು ಮಾತಿಲ್ಲ,
ಕುಕ್ಕರಿನ ಸೀಟಿ ಮಾತ್ರ.
ಆಮೇಲೆ:
ವಿ.ಪಿ. ಮಾಡ್ತೀರಾ?
ಹಿಂದೆ ಪುಸ್ತಕ ಹಾಗೇ ತರಿಸ್ತಿದ್ವಿ.

ಅಂಚೆಕಚೇರಿಯಲ್ಲಿ ಬೊಳ್ಳಮ್ಮ
ಪೆಟ್ಟಿಗೆ ತೂಗಿ ಕನ್ನಡಕದ ಮೇಲಿಂದ ನೋಡಿದರು.
ಒಳಗೇನು?
ಸ್ವಂತ ಬಳಕೆಯ ವಸ್ತು.
ಒಡೆಯುವಂಥದ್ದಾ?
ಇಲ್ಲ.
ಸೋರುತ್ತದಾ?
ಬಿಗಿಯಾಗಿ ಮುಚ್ಚಿದೆ.
ಅಷ್ಟೇ. ದಪ್ಪನೆ ಬಿತ್ತು ಮುದ್ರೆ.
ಎಂಟು ತಿಂಗಳಲ್ಲಿ ಯಾರೂ ಕೇಳದಿದ್ದ
ಎರಡು ಕೆಲಸಕ್ಕೆ ಬರುವ ಪ್ರಶ್ನೆ.

ಆ ನೂರೆಂಬತ್ತರಲ್ಲಿ ಇನ್ನೂ ನೂರಾಹನ್ನೆರಡು ದಿನ ಬಾಕಿ.
ನಾಲ್ಕನೆಯವರ ಅರ್ಜಿ ಅರ್ಧಕ್ಕೆ ನಿಂತಿದೆ,
ಖಾಲಿ ಚೌಕದಲ್ಲಿ ಗೆರೆಯೊಂದು ಮಿನುಗುತ್ತಿದೆ.

ಒಂಬತ್ತನೇ ದಿನ ಪೋಸ್ಟ್‌ಮನ್
ಟೈರುಗಳ ನಡುವೆ ದಾರಿ ಮಾಡಿಕೊಂಡು ಮೇಲೆ ಬಂದ.
ಸಾವಿರದ ಇನ್ನೂರ ನಲವತ್ತು,
ಎಂಜಲು ಹಚ್ಚಿ ಎರಡು ಸಲ ಎಣಿಸಿದ.
ಅದರಲ್ಲೊಂದು ನೋಟು ನಾಲ್ಕಾಗಿ ಮಡಿಸಿದ್ದು.
ಹಳೆಯ ಅಭ್ಯಾಸ,
ಅವನು ಹೋಗುವ ತನಕ ಕಾದು ಬಿಡಿಸಿ ನೋಡಿದೆ.
ಒಳಗೆ ಚೀಟಿ ಇರಲಿಲ್ಲ.